ಮಸ್ಕಿಯ ಕಲ್ಲು, ಹಟ್ಟಿಯ ದಿಬ್ಬ

ಸಿಂಧನೂರಿನಿಂದ ಮಸ್ಕಿ ಹಾಯ್ದು ಲಿಂಗಸುಗೂರಿಗೆ ಹೋಗುವ ಹೆದ್ದಾರಿಯನ್ನು ಪ್ರವಾಸಿಗರ ದಾರಿ ಎಂದು ಯಾರೂ ಕರೆಯುವುದಿಲ್ಲ. ಹಂಪಿಗೆ ಬಂದವರು ಹಂಪಿಯಿಂದಲೇ ಊರಿಗೆ ಮರಳುತ್ತಾರೆ. ಇಲ್ಲಿ ಓಡಾಡುವವರು ಭತ್ತದ ವ್ಯಾಪಾರಿಗಳು, ಗಣಿಯ ಕೆಲಸಗಾರರು, ವರ್ಗವಾಗಿ ಬಂದು ವರ್ಗವಾಗಿ ಹೋಗುವ ಸರಕಾರಿ ಎಂಜಿನಿಯರುಗಳು. ಈ ಕೊನೆಯವರ ಸಲುವಾಗಿಯೇ ಈ ಬರಹ. ಸರಕಾರಿ ಎಂಜಿನಿಯರು ಎಂದರೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಕಟ್ಟುವವರು: ಅಣೆಕಟ್ಟು, ರಸ್ತೆ, ಸೇತುವೆ, ಸ್ಥಾವರ. ಉದ್ಘಾಟನೆಯ ಕಲ್ಲಿನಲ್ಲಿ ಮಂತ್ರಿಗಳ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಾದರೂ ಅವರ ಹೆಸರು ಸಿಗುತ್ತದೆ. ಕಟ್ಟಿದ್ದು ತನ್ನ ಕೆಲಸ ಮುಗಿಸಿದ ಮೇಲೆ ಉಳಿಯುವ ಹೊಲಸನ್ನು ಕಾಯುವವರ ಹೆಸರು ಯಾವ ಕಲ್ಲಿನಲ್ಲೂ ಇರುವುದಿಲ್ಲ. ಆದರೆ ಮೊಮ್ಮಕ್ಕಳ ಮೊಮ್ಮಕ್ಕಳು ಕುಡಿಯುವ ನೀರು ಹೇಗಿರುತ್ತದೆ ಎಂಬುದು ನಿಂತಿರುವುದು ಈ ಎರಡನೆಯವರ ಮೇಲೆ. ಅಣು ತ್ಯಾಜ್ಯವಿರಲಿ, ಚಿನ್ನದ ಗಣಿಯ ಪುಡಿಯಿರಲಿ, ಅದನ್ನು ಎಲ್ಲಿ ಹೂಳಬೇಕು ಎಂಬುದರ ಮೇಲೆಯೇ ನಮ್ಮ ಜಗಳವೆಲ್ಲ ನಡೆಯುತ್ತದೆ. ಅದರ ಪಕ್ಕದ ಕುರ್ಚಿ ಖಾಲಿ ಬೀಳದಂತೆ ನೋಡಿಕೊಳ್ಳುವುದು ಹೇಗೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ ಎಂದು ನನ್ನ ವಾದ. ಮುಂಬಯಿಯ ಪ್ರಯೋಗಾಲಯದಲ್ಲಿ ಕೂತು ಈ ವಾದ ಹೂಡುವುದಕ್ಕಿಂತ ರಾಯಚೂರು ಜಿಲ್ಲೆಯ ಎರೆ ನೆಲದಲ್ಲಿ ನಿಂತು ಹೂಡುವುದು ಸುಲಭ. ಸಾಕ್ಷಿಗಳೆಲ್ಲ ಇಲ್ಲೇ ಇವೆ.

ಸಿಂಧನೂರಿಗೆ ಭತ್ತದ ಕಣಜ ಎಂಬ ಹೆಸರು ಬಂದದ್ದು ತುಂಗಭದ್ರಾ ಎಡದಂಡೆ ನಾಲೆಯಿಂದ. ಐವತ್ತರ ದಶಕದಲ್ಲಿ ನೀರು ಬಿಟ್ಟಾಗ ಯೋಜನೆ ಹಾಕಿದವರ ಮನಸ್ಸಿನಲ್ಲಿ ಇದ್ದದ್ದು ಭತ್ತವಲ್ಲ. ಬರದ ಸೀಮೆಗೆ ನೀರನ್ನು ತೆಳುವಾಗಿ ಹಂಚಿದರೆ ಜೋಳ, ಹತ್ತಿ, ಶೇಂಗಾ ಬೆಳೆದು ಜನ ಬದುಕಿಕೊಳ್ಳುತ್ತಾರೆ ಎಂಬುದು ಅವರ ಲೆಕ್ಕ. ರೈತರ ಲೆಕ್ಕ ಬೇರೆಯಾಯಿತು. ಆಂಧ್ರದ ಕರಾವಳಿಯಿಂದ ಬಂದು ಕ್ಯಾಂಪು ಕಟ್ಟಿಕೊಂಡವರು ಭತ್ತ ಹಚ್ಚಿದರು, ಅವರನ್ನು ನೋಡಿ ಇಲ್ಲಿಯವರೂ ಹಚ್ಚಿದರು. ನಾಲೆಯ ಮೇಲ್ಭಾಗದವರಿಗೆ ಎರಡು ಬೆಳೆ, ಕೊನೆಭಾಗದವರಿಗೆ ಧರಣಿ ಎಂಬುದು ಆವತ್ತಿನಿಂದ ಇವತ್ತಿನವರೆಗೆ ನಡೆದು ಬಂದಿದೆ. ಎರೆ ಭೂಮಿ ಕುಡಿದ ನೀರನ್ನು ಬೇಗ ಬಿಡುವ ಜಾತಿಯದಲ್ಲ. ನೀರು ನಿಂತಷ್ಟೂ ನೆಲದಡಿಯ ಉಪ್ಪು ಮೇಲಕ್ಕೆ ಏರುತ್ತದೆ. ನೀರು ಆವಿಯಾಗಿ ಹೋದರೂ ಉಪ್ಪು ಹೋಗುವುದಿಲ್ಲ. ಸವಳು–ಜವಳು ಎಂದು ಜೋಡಿಯಾಗಿಯೇ ಹೇಳುವ ಈ ರೋಗಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮದ್ದು ಹುಡುಕುತ್ತ ಬಂದಿದ್ದಾರೆ. ನೆಲದಡಿ ಕೊಳವೆ ಹಾಸಿ ಉಪ್ಪುನೀರನ್ನು ಬಸಿಯುವುದು ಅದರಲ್ಲೊಂದು. ಫಲ ಸಿಗುತ್ತದೆ, ಆದರೆ ಕೊಳವೆ ಕಟ್ಟಿಕೊಂಡಾಗ ತೆಗೆಯುವವರು ಬೇಕು, ಬಸಿದ ನೀರು ಯಾರ ಹೊಲಕ್ಕೆ ಹೋಗುತ್ತದೆ ಎಂದು ನೋಡುವವರು ಬೇಕು. ಕಟ್ಟುವುದಕ್ಕೆ ಎಂಟು ವರ್ಷ ಹಿಡಿದ ಅಣೆಕಟ್ಟಿನ ಹಿಂದೆ ತೊಳೆಯುವ ಕೆಲಸ ಎಪ್ಪತ್ತು ವರ್ಷವಾದರೂ ಮುಗಿದಿಲ್ಲ.

ಇಷ್ಟು ತಪ್ಪು ಲೆಕ್ಕದ ಮೇಲೆ ನಿಂತ ನಾಲೆ ಇನ್ನೂ ನಡೆಯುತ್ತಿರುವುದು ಹೇಗೆ ಎಂದು ಕೇಳಿಕೊಂಡರೆ ಉತ್ತರ ಒಂದು ಅಂಕಿಯಲ್ಲಿದೆ. 47ನೇ ಮೈಲು, 69ನೇ ಮೈಲು, 104ನೇ ಮೈಲು: ದೇಶಕ್ಕೆ ಕಿಲೋಮೀಟರ್ ಬಂದು ಅರವತ್ತು ವರ್ಷ ದಾಟಿದರೂ ನಾಲೆಯ ಮೇಲಿನ ಮಾತು ಇನ್ನೂ ಮೈಲಿನಲ್ಲೇ ಇದೆ. ಇಂಥ ಮೈಲಿನಲ್ಲಿ ಇವತ್ತು ಗೇಜು ಎಷ್ಟು ಅಡಿ ನಿಂತಿದೆ ಎಂಬುದು ಮಾನ್ವಿಯ ರೈತರಿಗೂ ಗೊತ್ತು, ಶಾಸಕರಿಗೂ ಗೊತ್ತು, ಪೊಲೀಸರಿಗೂ ಗೊತ್ತು. ಗೇಜು ಬಿದ್ದ ದಿನ ಗಲಾಟೆ. ದಿನಾ ಒಬ್ಬರು ಹೋಗಿ ನೋಡಿ ಬರೆಯುವ ಈ ಅಂಕಿಯೇ ನಾಲೆಯ ಜೀವ. ಯೋಜನೆಯ ಮೂಲ ಕಡತ ಗೆದ್ದಲು ತಿಂದರೂ ನಾಲೆ ನಿಲ್ಲುವುದಿಲ್ಲ, ಗೇಜು ಬರೆಯುವುದು ನಿಂತರೆ ನಿಲ್ಲುತ್ತದೆ. ಇದರ ಮಗ್ಗುಲಲ್ಲೇ ಇನ್ನೊಂದು ಘಟನೆಯನ್ನು ಇಟ್ಟು ನೋಡಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಹರಿಯುವ ನೀರಿಗೇ ತಾತ್ಕಾಲಿಕ ಗೇಟು ಇಳಿಸುವ ಕೆಲಸಕ್ಕೆ ಕರೆಸಿದ್ದು ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು. ಒಂದು ವಾರದೊಳಗೆ ನೀರು ನಿಂತಿತು, ಎರಡು ರಾಜ್ಯಗಳ ಜನ ಅವರಿಗೆ ಕೈ ಮುಗಿದರು. ಮುಗಿಯಬೇಕಾದದ್ದೇ. ಆದರೆ ಮೂರು ರಾಜ್ಯಗಳ ಹೊಲಕ್ಕೆ ನೀರುಣಿಸುವ ಜಲಾಶಯದ ಗೇಟಿನ ವಿದ್ಯೆ ಹುದ್ದೆಯಲ್ಲಿ ಉಳಿಯದೆ ನಿವೃತ್ತರೊಬ್ಬರ ತಲೆಯಲ್ಲಿ ಉಳಿದಿತ್ತು ಎಂಬುದು ಹೆಮ್ಮೆಯ ಸಂಗತಿ ಏನಲ್ಲ.

ಮಸ್ಕಿಗೆ ಬಂದರೆ ಈ ಪ್ರಶ್ನೆ ತಟ್ಟನೆ ಎರಡು ಸಾವಿರ ವರ್ಷ ಹಿಂದಕ್ಕೆ ಹೋಗುತ್ತದೆ. ಊರ ಪಕ್ಕದ ಗುಡ್ಡದ ಬಂಡೆಯ ಮೇಲಿನ ಅಶೋಕನ ಶಾಸನ ಕ್ರಿಸ್ತಪೂರ್ವ ಮೂರನೆಯ ಶತಮಾನದ್ದು. 1915ರಲ್ಲಿ ಅದನ್ನು ಮೊದಲು ಗುರುತಿಸಿದವರು ಇತಿಹಾಸಕಾರರಲ್ಲ, ಚಿನ್ನ ಹುಡುಕುತ್ತಿದ್ದ ಸಿ. ಬೀಡನ್ ಎಂಬ ಗಣಿ ಎಂಜಿನಿಯರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲೆಲ್ಲ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರೇ ಕಂಡದ್ದು ಇಲ್ಲಿ. ಶಾಲೆಯ ಪಾಠದಲ್ಲಿ ಮಸ್ಕಿಯ ಕತೆ ಇಲ್ಲಿಗೆ ಮುಗಿಯುತ್ತದೆ. ನನಗೆ ಮುಖ್ಯವೆನಿಸುವುದು ಅದರ ಇನ್ನೊಂದು ಮಗ್ಗುಲು. ಕಲ್ಲು ಎರಡು ಸಾವಿರ ವರ್ಷ ಉಳಿಯಿತು, ಅಕ್ಷರವೂ ಉಳಿಯಿತು, ಓದುವವರು ಉಳಿಯಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕ್ ಅಶೋಕನ ಕಂಬಗಳನ್ನು ದೆಹಲಿಗೆ ಸಾಗಿಸಿ ಪಂಡಿತರನ್ನು ಕರೆಸಿದಾಗ ಒಬ್ಬರಿಗೂ ಅದನ್ನು ಓದಲು ಬರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗುಟ್ಟು ಬಿಡಿಸುವವರೆಗೆ ಸಾವಿರಕ್ಕೂ ಹೆಚ್ಚು ವರ್ಷ ಆ ಅಕ್ಷರಗಳು ಬರೀ ಗೀರುಗಳಾಗಿದ್ದವು. ಅದೇ ಊರಿನ ಹೆಸರನ್ನು ನೋಡಿ. ಹಳೆಯ ಶಾಸನಗಳ ಪಿರಿಯ ಮೊಸಂಗಿ, ಹನ್ನೊಂದನೆಯ ಶತಮಾನದಲ್ಲಿ ಚೋಳರೂ ಚಾಲುಕ್ಯರೂ ಕಾದಾಡಿದ ಮುಸಂಗಿ ಇದೇ ಎನ್ನುತ್ತಾರೆ. ಯಾರೂ ಕಾವಲು ಕಾಯದ ಆ ಹೆಸರು ಬಾಯಿಂದ ಬಾಯಿಗೆ ಸವೆಯುತ್ತ ಮಸ್ಕಿಯಾಗಿ ಬಸ್ಸಿನ ಬೋರ್ಡಿನ ಮೇಲೆ ಇವತ್ತೂ ಇದೆ. ಚಕ್ರವರ್ತಿ ಕಲ್ಲಿನಲ್ಲಿ ಕೊರೆಸಿದ್ದು ಮೂಕವಾಯಿತು, ದನ ಕಾಯುವವರು ಕೂಗಿ ಕರೆದದ್ದು ಉಳಿಯಿತು.

ಇದು ಅಣು ತ್ಯಾಜ್ಯದವರಿಗೆ ಬರೀ ಸ್ವಾರಸ್ಯದ ಕತೆಯಲ್ಲ. ಹತ್ತು ಸಾವಿರ ವರ್ಷದ ಮೇಲೆ ಬರುವವರಿಗೆ ‘ಇಲ್ಲಿ ಅಗೆಯಬೇಡಿ’ ಎಂದು ಹೇಳುವುದು ಹೇಗೆ ಎಂದು ಅಮೆರಿಕ ಸರಕಾರ 1981ರಲ್ಲೇ ತಜ್ಞರ ತಂಡ ಕಟ್ಟಿತ್ತು. ನ್ಯೂ ಮೆಕ್ಸಿಕೋದ ಉಪ್ಪಿನ ಪದರದಲ್ಲಿ 655 ಮೀಟರ್ ಆಳದ ತ್ಯಾಜ್ಯ ಭಂಡಾರಕ್ಕೆ ಎಂಥ ಕಲ್ಲು ನೆಡಬೇಕು, ಎಷ್ಟು ಭಾಷೆಯಲ್ಲಿ ಬರೆಯಬೇಕು, ಹೆದರಿದ ಮುಖದ ಚಿತ್ರ ಹಾಕಬೇಕೆ ಎಂದು 1993ರಲ್ಲಿ ದೊಡ್ಡ ವರದಿಯೇ ಬಂತು. ಅವರಿಗೆ ಮಸ್ಕಿಯನ್ನು ತೋರಿಸಬೇಕಿತ್ತು. ಕಲ್ಲಿನ ಸಂದೇಶ ಎಷ್ಟು ಕಾಲ ಬಾಳುತ್ತದೆ, ಎಷ್ಟು ಬೇಗ ಮೂಕವಾಗುತ್ತದೆ ಎಂಬ ಎರಡೂ ಅಳತೆ ಇಲ್ಲಿ ಒಂದೇ ಬಂಡೆಯಲ್ಲಿ ಸಿಗುತ್ತವೆ. ಇನ್ನೂ ಹಳೆಯ ಸಾಕ್ಷಿಯೂ ಈ ಸೀಮೆಯಲ್ಲಿದೆ. ಬಳ್ಳಾರಿಯಿಂದ ಲಿಂಗಸುಗೂರಿನವರೆಗೆ ಅಲ್ಲಲ್ಲಿ ಸಿಗುವ ಬೂದಿದಿಬ್ಬಗಳು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಾಹಿಗಳು ಸಗಣಿ ರಾಶಿ ಹಾಕಿ ಸುಟ್ಟ ಜಾಗಗಳು; ಅಂದರೆ ಅಪ್ಪಟ ತಿಪ್ಪೆ. ಕುಡತಿನಿಯ ದಿಬ್ಬ ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಜನ ನಂಬಿದ್ದರು. ಬಂದ ಬ್ರಿಟಿಷರು ಜ್ವಾಲಾಮುಖಿಯೇ ಎಂದು ಅನುಮಾನಪಟ್ಟರು. ರಾಬರ್ಟ್ ಬ್ರೂಸ್ ಫೂಟ್ ಸಗಣಿಯ ಬೂದಿ ಎಂದು ಹೇಳಿದ ಮೇಲೂ ಒಪ್ಪದವರಿದ್ದರು; 1957ರಲ್ಲಿ ಎಫ್. ಆರ್. ಆಲ್ಚಿನ್ ಉಟ್ನೂರಿನಲ್ಲಿ ಅಗೆದು ದನದ ದೊಡ್ಡಿಯನ್ನೇ ತೋರಿಸಬೇಕಾಯಿತು. ತಿಪ್ಪೆಯನ್ನು ಬಿಟ್ಟು ಹೋದವರ ಮಾತು ಹೋಯಿತು, ತಿಪ್ಪೆ ಉಳಿಯಿತು, ಅದರ ಮೇಲೆ ರಾಕ್ಷಸನ ಕತೆ ಬೆಳೆಯಿತು. ಸಗಣಿಯ ಬೂದಿಯಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಮಸ್ಕಿಯಿಂದ ಲಿಂಗಸುಗೂರಿಗೆ ನೆಲದ ಬಣ್ಣ ಬದಲಾಗುತ್ತ ಹೋಗುತ್ತದೆ, ಬಂಡೆಗಳು ಹೆಚ್ಚುತ್ತವೆ. ಲಿಂಗಸುಗೂರು ಈಗ ತಾಲ್ಲೂಕು ಕೇಂದ್ರ. ನಿಜಾಮನ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿ, ಸೈನ್ಯದ ಠಾಣ್ಯವೂ ಆಗಿ, 1905ರಲ್ಲಿ ರಾಯಚೂರಿನಲ್ಲಿ ಸೇರಿಹೋದ ಊರು. ಅಲ್ಲಿಂದ ಸ್ವಲ್ಪ ಪೂರ್ವಕ್ಕೆ ಹಟ್ಟಿ. ಇಲ್ಲಿಯ ಹಳೆಯ ಗುಂಡಿಗಳು 640 ಅಡಿ ಆಳಕ್ಕೆ ಇಳಿದಿದ್ದವು. ಬೆಂಕಿ ಹಾಕಿ ಬಂಡೆ ಕಾಯಿಸಿ, ನೀರೆರಚಿ ಸೀಳಿ ಅದಿರು ತೆಗೆದವರ ಆ ಕೆಲಸಕ್ಕೆ ಸುಮಾರು ಎರಡು ಸಾವಿರ ವರ್ಷ ಎಂದು ಕಾರ್ಬನ್ ಲೆಕ್ಕ ಹೇಳುತ್ತದೆ. ಆಮೇಲೆ ಎಲ್ಲ ಮರೆತುಹೋಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಾನ್ ಟೇಲರ್ ಕಂಪನಿಯವರು ಬಂದಾಗ ಅವರಿಗೆ ದಾರಿ ತೋರಿಸಿದ್ದು ಇದೇ ಹಳೆಯ ಗುಂಡಿಗಳು. 1920ರ ಸುಮಾರಿಗೆ ಅವರೂ ಬಿಟ್ಟು ಹೋದರು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯಾಗಿ ಮತ್ತೆ ಸಂಸ್ಥೆ ಹುಟ್ಟಿ, ರಾಜ್ಯ ಪುನರ್ವಿಂಗಡಣೆಯ ಮೇಲೆ ಹಟ್ಟಿ ಚಿನ್ನದ ಗಣಿ ಕಂಪನಿಯಾಗಿ ಇವತ್ತೂ ರಾಜ್ಯ ಸರಕಾರದ ಕೈಯಲ್ಲಿ ನಡೆಯುತ್ತಿದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಇಲ್ಲಿ ಹಿಂದಿನವರು ಅಗೆದಿದ್ದರು’ ಎಂಬ ಗುರುತು ಮುಂದಿನವರಿಗೆ ಎಚ್ಚರಿಕೆಯಾಗಲಿಲ್ಲ, ಆಹ್ವಾನವಾಯಿತು. ಬೀಡನ್ ಕೂಡ ಮಸ್ಕಿಗೆ ಬಂದದ್ದು ಚಿನ್ನದ ಆಸೆಯಿಂದಲೇ. ಮನುಷ್ಯ ಕಷ್ಟಪಟ್ಟು ಕಲ್ಲು ನೆಟ್ಟ ಕಡೆ ಇನ್ನೊಬ್ಬ ಮನುಷ್ಯ ನಿಧಿ ಹುಡುಕುತ್ತಾನೆ.

ಟನ್ನು ಅದಿರಿಗೆ ಎರಡು ಮೂರು ಗ್ರಾಂ ಚಿನ್ನ ಸಿಕ್ಕರೆ ಗಣಿ ನಡೆಯುತ್ತದೆ. ಹತ್ತು ಗ್ರಾಮಿನ ಒಂದು ಉಂಗುರದ ಹಿಂದೆ ನಾಲ್ಕು ಟನ್ನಿನಷ್ಟು ಹಿಟ್ಟಾದ ಕಲ್ಲು ಉಳಿಯಿತು ಎಂದು ಲೆಕ್ಕ. ಅದನ್ನು ಸೈನೈಡಿನ ನೀರಿನಲ್ಲಿ ತೊಳೆದಿರುತ್ತಾರೆ. ಜನ ಹೆದರುವುದು ಸೈನೈಡಿಗೆ. ಆದರೆ ಬಿಸಿಲು ಗಾಳಿಗೆ ಅದು ಕ್ರಮೇಣ ಮುರಿದು ಹೋಗುತ್ತದೆ. ಹೋಗದೇ ಇರುವುದು ಆರ್ಸೆನಿಕ್. ಈ ಸೀಮೆಯ ಚಿನ್ನ ಆರ್ಸೆನಿಕ್ ಕೂಡಿದ ಗಂಧಕದ ಖನಿಜಗಳ ಸಹವಾಸದಲ್ಲೇ ಇರುತ್ತದೆ. ಬಂಡೆಯೊಳಗಿದ್ದಾಗ ಸುಮ್ಮನಿದ್ದದ್ದು ಹಿಟ್ಟಾಗಿ ಗಾಳಿ ನೀರು ಕಂಡಾಗ ಕರಗಲು ಶುರುವಾಗುತ್ತದೆ. ಕೃಷ್ಣೆಯಾಚೆ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಜನರ ಅಂಗೈ ಅಂಗಾಲು ಗಂಟುಗಟ್ಟಿ ಗಡುಸಾಗಿ, ಚರ್ಮದ ಮೇಲೆ ಮಚ್ಚೆ ಎದ್ದು, ಕೊನೆಗೆ ಅದು ಕೊಳವೆಬಾವಿಯ ಆರ್ಸೆನಿಕ್ ಎಂದು ಗೊತ್ತಾಯಿತು. ಆ ಜಾಗ ಮಂಗಳೂರು ಶಿಲಾಪಟ್ಟಿಯ ಹಳೆಯ ಚಿನ್ನದ ಸೀಮೆ (ಕರಾವಳಿಯ ಮಂಗಳೂರಲ್ಲ, ಸುರಪುರದ ಹತ್ತಿರದ ಹಳ್ಳಿ). ಗಣಿ ನಿಂತು ನೂರು ವರ್ಷವಾಗಿತ್ತು. 2013ರಲ್ಲಿ ವಿಜ್ಞಾನಿಗಳ ತಂಡವೊಂದು ಈ ಬಗ್ಗೆ ಪ್ರಬಂಧ ಪ್ರಕಟಿಸಿತು. ಆರ್ಸೆನಿಕ್ ಅಲ್ಲಿಯ ಬಂಡೆಯಲ್ಲೇ ಇರುವಂಥದ್ದು, ದೋಷವನ್ನೆಲ್ಲ ಗಣಿಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಗಣಿ ಇದ್ದಾಗ ಆ ಅದಿರಿನಲ್ಲಿ ಏನಿದೆ ಎಂದು ತಿಳಿದಿದ್ದ ಎಂಜಿನಿಯರುಗಳು ಇದ್ದೇ ಇದ್ದರು. ಗಣಿ ಮುಚ್ಚಿದ ದಿನ ಆ ತಿಳಿವಳಿಕೆಯೂ ಮೂಟೆ ಕಟ್ಟಿತು. ನೂರು ವರ್ಷದ ಮೇಲೆ ಅದನ್ನು ಮತ್ತೆ ಕಂಡುಹಿಡಿದದ್ದು ತಾಂಡಾದವರ ಮೈಮೇಲೆ.

ಇನ್ನು ಅಣುವಿನ ಮಾತು. ನಮ್ಮ ರಾಜ್ಯದ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ಎಂಜಿನಿಯರಿಂಗ್ ಓದಿ, 1955ರಲ್ಲಿ ಪರಮಾಣು ಶಕ್ತಿ ಇಲಾಖೆ ಸೇರಿ, 1987ರಿಂದ 1990ರವರೆಗೆ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರಾಗಿದ್ದು, 2025ರಲ್ಲಿ ತೀರಿಕೊಂಡ ಎಂ. ಆರ್. ಶ್ರೀನಿವಾಸನ್ ಅವರ ವೃತ್ತಿಜೀವನ ಸರಿಸುಮಾರು ಮೂವತ್ತೈದು ವರ್ಷದ್ದು. ಉರಿದ ಇಂಧನದಲ್ಲಿ ಹುಟ್ಟುವ ಸೀಸಿಯಂ-137ರ ಅರ್ಧಾಯು ಮೂವತ್ತು ವರ್ಷ. ಅಂದರೆ ಒಬ್ಬ ಎಂಜಿನಿಯರು ಕೆಲಸಕ್ಕೆ ಸೇರಿ ನಿವೃತ್ತರಾಗುವ ಹೊತ್ತಿಗೆ ಅದರಲ್ಲಿ ಅರ್ಧ ಕಳೆದಿರುತ್ತದೆ, ಇನ್ನರ್ಧ ಮುಂದಿನವರ ಪಾಲು. ಹತ್ತು ಜನ ಒಬ್ಬರ ಮೇಲೊಬ್ಬರು ಚಾರ್ಜು ತಗೊಂಡರೆ ಮುನ್ನೂರು ವರ್ಷ, ಸಾವಿರದಲ್ಲಿ ಒಂದು ಪಾಲು ಉಳಿದಿರುತ್ತದೆ. ಭಾರತದಲ್ಲಿ ಉರಿದ ಇಂಧನವನ್ನು ಮರುಸಂಸ್ಕರಿಸಿ ಯುರೇನಿಯಂ, ಪ್ಲುಟೋನಿಯಂ ತೆಗೆದುಕೊಂಡು, ಮಿಕ್ಕ ತೀವ್ರ ತ್ಯಾಜ್ಯವನ್ನು ಗಾಜಿನೊಳಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ತುಂಬುತ್ತಾರೆ. ತಾರಾಪುರದಂಥ ಕಡೆ ಅವು ಗಾಳಿಯಾಡುವ ಕಟ್ಟಡದಲ್ಲಿ ತಣ್ಣಗಾಗುತ್ತ ಕೂತಿರುತ್ತವೆ. ದಶಕಗಟ್ಟಲೆ ಕೂರಬೇಕು. ಆಳದ ಶಾಶ್ವತ ಭಂಡಾರ ನಮ್ಮಲ್ಲಿ ಇನ್ನೂ ಇಲ್ಲ. ಫಿನ್ಲೆಂಡಿನವರು ಓಂಕಾಲೋದಲ್ಲಿ 430 ಮೀಟರ್ ಆಳದ ಬಂಡೆಯೊಳಗೆ ಮಾಡಿಕೊಂಡಿರುವುದೇ ಈವರೆಗೆ ಎಲ್ಲರಿಗೂ ಉದಾಹರಣೆ. ಹಾಗಾದರೆ ಸದ್ಯಕ್ಕೆ ನಮ್ಮ ಅಣು ತ್ಯಾಜ್ಯವನ್ನು ಕಾಯುತ್ತಿರುವುದು ಬಂಡೆಯಲ್ಲ, ಪಾಳಿ ಬದಲಿಸುವ ನೌಕರರು.

ಬಂಡೆಯ ಆಸೆ ನಮಗೂ ಇತ್ತು. ಎಂಬತ್ತರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯ ಬಿಟ್ಟುಹೋದ ಭಾಗವೊಂದರಲ್ಲಿ ಸಾವಿರ ಮೀಟರ್ ಆಳದಲ್ಲಿ ವಿದ್ಯುತ್ ಹೀಟರುಗಳನ್ನು ಇಟ್ಟು ಎಂಟು ವರ್ಷ ಬಂಡೆಯನ್ನು ಕಾಯಿಸಿ ನೋಡಿದರು: ತ್ಯಾಜ್ಯದ ಶಾಖಕ್ಕೆ ಕಲ್ಲು ಹೇಗೆ ನಡೆದುಕೊಳ್ಳುತ್ತದೆ ಎಂಬ ಪರೀಕ್ಷೆ. ಆಗ ಇಟ್ಟದ್ದು ಹೀಟರು, ತ್ಯಾಜ್ಯವಲ್ಲ. 2012ರಲ್ಲಿ ಕೂಡಂಕುಳಂ ಮೊಕದ್ದಮೆಯ ವೇಳೆ ಸುಪ್ರೀಂ ಕೋರ್ಟಿನಲ್ಲಿ ಕೋಲಾರದ ಹೆಸರು ಬಂದಾಗ ಇಡೀ ಜಿಲ್ಲೆ ಬೀದಿಗಿಳಿಯಿತು, ಕೇಂದ್ರ ಅಂಥ ಯೋಚನೆ ಇಲ್ಲ ಎಂದಿತು. ಕೋಲಾರದವರ ಸಿಟ್ಟಿಗೆ ಕಾರಣ ಬರೀ ಅಣುವಿನ ಭಯವಲ್ಲ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ, ಪಂಪು ನಿಂತು, ಆಳಕ್ಕೆಲ್ಲ ನೀರು ತುಂಬಿದ ಮೇಲೆ ಮೂರೂಕಾಲು ಕೋಟಿ ಟನ್ನಿಗೂ ಮಿಕ್ಕಿದ ಸೈನೈಡ್ ದಿಬ್ಬಗಳನ್ನು ಅವರ ನೆತ್ತಿಯ ಮೇಲೆ ಬಿಟ್ಟು ಎದ್ದು ಹೋದವರೂ ಸರಕಾರದವರೇ. ಬೇಸಿಗೆಯ ಗಾಳಿಗೆ ಊಟದ ತಟ್ಟೆಗೆ ಆ ಪುಡಿ ಬೀಳುತ್ತದೆ. ಕಣ್ಣಿಗೆ ಕಾಣುವ ದಿಬ್ಬವನ್ನೇ ನೋಡಿಕೊಳ್ಳದವರು ಕಾಣದ ಡಬ್ಬಿಯನ್ನು ನೋಡಿಕೊಳ್ಳುತ್ತಾರೆಂದು ಹೇಗೆ ನಂಬುವುದು? ಚಿನ್ನದ ಸೀಮೆಯಲ್ಲಿ ತ್ಯಾಜ್ಯ ಹೂಳಬಾರದು ಎನ್ನುವುದಕ್ಕೆ ಹಟ್ಟಿಯ ಇತಿಹಾಸ ಇನ್ನೊಂದು ಕಾರಣ ಕೊಡುತ್ತದೆ. ಅದಿರಿರುವ ಕಡೆ ಮರೆವಿನ ನಂತರ ಮನುಷ್ಯ ಮತ್ತೆ ಅಗೆದೇ ಅಗೆಯುತ್ತಾನೆ. ಇಲ್ಲಿ ಮೂರು ಸಲ ಅಗೆದಿದ್ದಾನೆ. ಇದೇ ಮಾತು ಇಲ್ಲಿಂದ ಉತ್ತರಕ್ಕಿರುವ ಶಹಾಪುರ ತಾಲ್ಲೂಕಿನ ಗೋಗಿಗೂ ಬೇರೆ ರೀತಿಯಲ್ಲಿ ಅನ್ವಯಿಸುತ್ತದೆ. ಅಲ್ಲಿಯ ಯುರೇನಿಯಂ ತೆಗೆದರೆ ಅದಿರಿನ ವಿಕಿರಣದ ಬಹುಪಾಲು ಪುಡಿಯಲ್ಲೇ ಉಳಿಯುತ್ತದೆ. ಅದರಲ್ಲಿರುವ ರೇಡಿಯಂನ ಅರ್ಧಾಯು 1600 ವರ್ಷ. ಗೋಗಿಯವರು ಕೇಳಬೇಕಾದ್ದು ಪರಿಹಾರ ಎಷ್ಟು ಎಂಬುದೊಂದನ್ನೇ ಅಲ್ಲ, ಗಣಿ ಮುಚ್ಚಿದ ಮೇಲೆ ದಿಬ್ಬದ ಮೇಲೆ ಯಾವ ಹುದ್ದೆ, ಯಾರ ಸಂಬಳದಲ್ಲಿ, ಎಷ್ಟು ಕಾಲ ಎಂಬುದನ್ನು.

ಹುದ್ದೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಹತ್ತು ಸಾವಿರ ವರ್ಷ ಕಾಯಬೇಕಿಲ್ಲ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ 1968ರಲ್ಲಿ ಕೋಬಾಲ್ಟ್-60 ತುಂಬಿದ ಯಂತ್ರವೊಂದು ಬಂದಿತ್ತು. 1985ರಿಂದ ಅದನ್ನು ಯಾರೂ ಬಳಸಲಿಲ್ಲ. ಬಳಸಿದವರು ಹೋದರು, ಯಂತ್ರ ಮೂಲೆ ಸೇರಿತು, 2010ರಲ್ಲಿ ಗುಜರಿಗೆ ಹರಾಜಾಯಿತು. ಮಾಯಾಪುರಿಯ ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದವರಲ್ಲಿ ಒಬ್ಬರು ಸತ್ತರು, ಹಲವರ ಮೈ ಸುಟ್ಟಿತು. ಅಕ್ಷರ ಬಲ್ಲವರೇ ತುಂಬಿದ ವಿದ್ಯಾಸಂಸ್ಥೆಯಲ್ಲಿ ನೆನಪು ಇಪ್ಪತ್ತೈದು ವರ್ಷ ಬಾಳಲಿಲ್ಲ. ನ್ಯೂ ಮೆಕ್ಸಿಕೋದ ಭಂಡಾರದ ಕತೆ ಇನ್ನೂ ವಿಚಿತ್ರ. ಹತ್ತು ಸಾವಿರ ವರ್ಷದ ಕಲ್ಲಿನ ಬಗ್ಗೆ ತಲೆ ಕೆಡಿಸಿಕೊಂಡ ಆ ಜಾಗದಲ್ಲಿ 2014ರ ಫೆಬ್ರವರಿಯಲ್ಲಿ ತ್ಯಾಜ್ಯದ ಪೀಪಾಯಿಯೊಂದು ಒಡೆಯಿತು. ಲಾಸ್ ಅಲಾಮೋಸಿನಲ್ಲಿ ಪೀಪಾಯಿ ತುಂಬುವಾಗ ತೇವ ಹೀರಲು ಖನಿಜದ ಪುಡಿ ಹಾಕುವ ಬದಲು ಗೋಧಿಯಿಂದ ಮಾಡಿದ, ಬೆಕ್ಕಿನ ಮಲಕ್ಕೆ ಹಾಸುವ ಪುಡಿ ಹಾಕಿದ್ದರು. ಕೆಲಸದ ಸೂಚನೆಯಲ್ಲಿ ಒಂದು ಪದ ಹೆಚ್ಚುಕಮ್ಮಿಯಾಗಿ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಥ ಕೆಟ್ಟಿತ್ತು. ಭಂಡಾರ ಸುಮಾರು ಮೂರು ವರ್ಷ ಮುಚ್ಚಿತು. ಮುಂದಿನ ನಾಗರಿಕತೆಗೆ ಪತ್ರ ಬರೆಯಲು ಕೂತವರಿಗೆ ಪಕ್ಕದ ವಿಭಾಗಕ್ಕೆ ಬರೆದ ಚೀಟಿ ತಲುಪಲಿಲ್ಲ.

ಇದಕ್ಕೆ ಬರುವ ದೊಡ್ಡ ಆಕ್ಷೇಪ ನೇರವಾದದ್ದು. ಕಲ್ಲಾದರೂ ಎರಡು ಸಾವಿರ ವರ್ಷ ನಿಂತಿತು, ಅಶೋಕನ ಸರಕಾರ ಅವನ ನಂತರ ಐವತ್ತು ವರ್ಷವೂ ನಿಲ್ಲಲಿಲ್ಲ. ಹಾಗಿರುವಾಗ ಕಚೇರಿಯನ್ನು ನಂಬುವುದು ಹೇಗೆ? ರಾಯಚೂರು ದೋಆಬ್ ಈ ಆಕ್ಷೇಪಕ್ಕೆ ತಕ್ಕ ಜಾಗ. ಎರಡು ನದಿಗಳ ನಡುವಿನ ಈ ನೆಲಕ್ಕಾಗಿ ಬಹಮನಿಗಳು, ವಿಜಯನಗರದವರು, ಆದಿಲಶಾಹಿಗಳು ಕಿತ್ತಾಡಿದಷ್ಟು ಬೇರೆಲ್ಲೂ ಕಿತ್ತಾಡಿಲ್ಲ. ಮುದಗಲ್ಲ ಕೋಟೆಯ ಗೋಡೆ ಅದನ್ನೇ ಹೇಳುತ್ತದೆ. ಆದರೆ ಕೋಟೆಯ ಮೇಲಿನ ನಿಶಾನೆ ಬದಲಾದಾಗಲೂ ಹಳ್ಳಿಯಲ್ಲಿ ಕುಲಕರ್ಣಿ ಲೆಕ್ಕ ಬರೆಯುತ್ತಿದ್ದರು, ತಳವಾರ ಗಡಿ ಕಾಯುತ್ತಿದ್ದ. ಹೊಸ ದೊರೆಗೂ ಹೊಲದ ಎಲ್ಲೆ ಗೊತ್ತಾಗಬೇಕಿತ್ತು, ಆದ್ದರಿಂದ ಆ ಹುದ್ದೆಗಳು ಯಾವ ಯುದ್ಧದಲ್ಲೂ ಸಾಯಲಿಲ್ಲ. ನಿಜಾಮ್-ಉಲ್-ಮುಲ್ಕ್ ಸ್ವತಂತ್ರನಾದ 1724ರಿಂದ ಇವತ್ತಿಗೆ ಸುಮಾರು ಮುನ್ನೂರು ವರ್ಷ, ಸೀಸಿಯಂ ಬಹುತೇಕ ಕಳೆದುಹೋಗಲು ಬೇಕಾದಷ್ಟೇ ಕಾಲ. ಆ ಅವಧಿಯಲ್ಲಿ ನಿಜಾಮ ಬಂದು ಹೋದ, 1948ರಲ್ಲಿ ಹೈದರಾಬಾದ್ ಭಾರತ ಸೇರಿತು, 1956ರಲ್ಲಿ ಈ ಭಾಗ ಮೈಸೂರಿಗೆ ಬಂತು, 1973ರಲ್ಲಿ ಮೈಸೂರು ಕರ್ನಾಟಕವಾಯಿತು. ಹೊಲದ ಎಲ್ಲೆಯ ಲೆಕ್ಕ ಯಾವತ್ತೂ ನಿಲ್ಲಲಿಲ್ಲ. ಮುನ್ನೂರು ವರ್ಷ ಒಂದು ಹುದ್ದೆ ಬಾಳಬಲ್ಲದು ಎಂಬುದಕ್ಕೆ ಇಷ್ಟು ಸಾಕು. ಪ್ಲುಟೋನಿಯಂನ 24,100 ವರ್ಷದ ಅರ್ಧಾಯುವಿಗೆ ಯಾವ ಕಚೇರಿಯೂ ಸಾಲದು, ನಿಜ. ಅದಕ್ಕೆ ಆಳದ ಬಂಡೆಯೇ ಬೇಕು, ಅದಿರಿಲ್ಲದ ಬಂಡೆ. ಆದರೆ ಆ ಬಂಡೆಯನ್ನು ಆರಿಸಿ, ತುಂಬಿ, ಮುಚ್ಚುವವರೆಗಿನ ಶತಮಾನ ಕಚೇರಿಯದೇ. ಮತ್ತೆ ಹಟ್ಟಿಯ ದಿಬ್ಬದ ಆರ್ಸೆನಿಕ್‌ಗೆ ಅರ್ಧಾಯು ಎಂಬುದೇ ಇಲ್ಲ. ನಮ್ಮ ಭಯವೆಲ್ಲ ದಿನದಿನಕ್ಕೂ ಕಮ್ಮಿಯಾಗುವ ವಿಷದ ಮೇಲಿದೆ, ಎಂದೂ ಕಮ್ಮಿಯಾಗದ ವಿಷದ ಮೇಲೆ ಮನೆ ಕಟ್ಟುತ್ತಿದ್ದೇವೆ.

ಹಳೆಯ ಹುದ್ದೆಗಳನ್ನು ಹೊಗಳುತ್ತಿದ್ದೇನೆ ಎಂದು ತಿಳಿಯಬಾರದು. ಅವು ಜಾತಿಗೆ ಕಟ್ಟಿದ, ಹುಟ್ಟಿನಿಂದ ಬರುವ ಹುದ್ದೆಗಳು. ಲೆಕ್ಕ ಒಬ್ಬರ ಕೈಯಲ್ಲಿ, ಬಿಟ್ಟಿ ಚಾಕರಿ ಇನ್ನೊಬ್ಬರ ಹೆಗಲ ಮೇಲೆ. ಅಮೆರಿಕದ ತಂಡದಲ್ಲಿದ್ದ ಭಾಷಾವಿಜ್ಞಾನಿ ಥಾಮಸ್ ಸೆಬಿಯೋಕ್ ಅಣು ತ್ಯಾಜ್ಯದ ನೆನಪನ್ನು ಕಾಯಲು ಒಂದು ಪುರೋಹಿತವರ್ಗವನ್ನೇ ಹುಟ್ಟುಹಾಕಬೇಕು, ದಂತಕತೆ ಹಬ್ಬಿಸಿ ಜನರನ್ನು ದೂರ ಇಡಬೇಕು ಎಂದಿದ್ದ. ಪುರೋಹಿತವರ್ಗದ ಕೈಗೆ ಅಕ್ಷರ ಕೊಟ್ಟು ಉಳಿದವರನ್ನು ದೂರ ಇಟ್ಟರೆ ಏನಾಗುತ್ತದೆ ಎಂದು ನಮ್ಮ ದೇಶಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿಂದಲೇ ಎರಡನೆಯ ಆಕ್ಷೇಪ ಹುಟ್ಟುತ್ತದೆ: ಅಣು ಇಲಾಖೆಯ ಹುದ್ದೆಗಳು ಕಾಯುವುದಕ್ಕಿಂತ ಮುಚ್ಚಿಡುವುದಕ್ಕೆ ಇವೆ ಎಂಬುದು. ಅದರಲ್ಲಿ ಹುರುಳಿದೆ. ಕೈಗಾ ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತರು. ಸೋತರು, ಆದರೆ ಕೇಳಿದ ಪ್ರಶ್ನೆಗಳು ಸೋಲಲಿಲ್ಲ. 1994ರಲ್ಲಿ ಕೈಗಾದ ಒಂದನೇ ಘಟಕದ ಗುಮ್ಮಟದ ಒಳಪದರ ಕಟ್ಟುವಾಗಲೇ ಕುಸಿಯಿತು. 1983ರಲ್ಲಿ ಹುಟ್ಟಿದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ಬೇಕಾದ ಸ್ವಾತಂತ್ರ್ಯ ಇಲ್ಲ, ಮೂರು ದಶಕವಾದರೂ ಸುರಕ್ಷತಾ ನೀತಿ ಬರೆದಿಲ್ಲ ಎಂದು 2012ರಲ್ಲಿ ಮಹಾಲೇಖಪಾಲರೇ ವರದಿ ಕೊಟ್ಟರು. ಆದರೆ ಇದರಿಂದ ಹುದ್ದೆ ಬೇಡ ಎಂದಾಗುವುದಿಲ್ಲ, ಅದರ ಪುಸ್ತಕ ತೆರೆದಿರಬೇಕು ಎಂದಾಗುತ್ತದೆ. 69ನೇ ಮೈಲಿನ ಗೇಜು ಸುಳ್ಳು ಹೇಳಲು ಆಗದಿರುವುದು ಎಂಜಿನಿಯರು ದೇವರಂಥವರು ಎಂಬುದಕ್ಕಲ್ಲ. ಕೊನೆಭಾಗದ ರೈತರು ಅಲ್ಲಿಗೇ ಬಂದು ನೋಡುತ್ತಾರೆ ಎಂಬುದಕ್ಕೆ.

ಖಾಸಗಿಯವರಿಗೆ ಗುತ್ತಿಗೆ ಕೊಟ್ಟರೆ ಚೆನ್ನಾಗಿ ಮಾಡುತ್ತಾರೆ ಎನ್ನುವವರಿಗೆ ಜಾನ್ ಟೇಲರ್ ಕಂಪನಿ ಈಗ ಎಲ್ಲಿದೆ ಎಂದು ಕೇಳಿದರೆ ಸಾಕು. ಕಂಪನಿಗೆ ಅದಿರು ಇರುವವರೆಗೆ ಆಯುಷ್ಯ, ಗುತ್ತಿಗೆದಾರರಿಗೆ ಬಿಲ್ಲು ಆಗುವವರೆಗೆ. ಮಾಲಿನ್ಯ ನಿಯಂತ್ರಣದ ಕೆಲಸವನ್ನು ಹೊರಗುತ್ತಿಗೆಯ ಕೈಗೆ, ಒಬ್ಬರಿಗೆ ನಾಲ್ಕು ಕಡೆಯ ಪ್ರಭಾರದ ಕೈಗೆ ಕೊಟ್ಟು ಉಳಿಸಿದ ದುಡ್ಡು ಕಿರದಳ್ಳಿಯಂಥ ಕಡೆ ಆಸ್ಪತ್ರೆಯ ಖರ್ಚಾಗಿ ಬರುತ್ತದೆ, ಅದೂ ಬೇರೆ ಇಲಾಖೆಯ ಲೆಕ್ಕಕ್ಕೆ. ಅಷ್ಟೇಕೆ, ಮಸ್ಕಿಯ ಶಾಸನಕ್ಕೇ ಈಗ ಸರಕಾರದ ರಕ್ಷಣೆ ಬೇಕಾಗಿದೆ. ಎರಡು ಸಾವಿರ ವರ್ಷ ತಾನೇ ನಿಂತ ಕಲ್ಲೂ ರಕ್ಷಿತ ಸ್ಮಾರಕದ ಪಟ್ಟಿಯಲ್ಲಿ ಒಂದು ಸಾಲಾಗಿ ಬದುಕಿದೆ. ಸರಕಾರಿ ಕಚೇರಿಯಲ್ಲಿ ವರ್ಗವಾದವರು ಚಾರ್ಜು ಕೊಡುವಾಗ ಒಂದು ಪಟ್ಟಿ ಬರೆಯುತ್ತಾರೆ: ಕುರ್ಚಿ ಇಷ್ಟು, ಬೀರು ಇಷ್ಟು, ಕೀಲಿಕೈ ಇಷ್ಟು. ಲಿಂಗಸುಗೂರಿನಲ್ಲೋ ಕೈಗಾದಲ್ಲೋ ಆ ಪಟ್ಟಿಗೆ ಇನ್ನೆರಡು ಸಾಲು ಸೇರಬೇಕು. ನನ್ನ ವಶದಲ್ಲಿರುವ ದಿಬ್ಬ ಅಥವಾ ಡಬ್ಬಿ ಎಷ್ಟು, ಈ ತಿಂಗಳು ಅದರ ಪಕ್ಕದ ಬಾವಿಯ ನೀರಿನಲ್ಲಿ ಏನು ಸಿಕ್ಕಿತು. ಅದರ ಒಂದು ಪ್ರತಿ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ, ಇನ್ನೊಂದು ಕಡತಕ್ಕೆ. ಕೆಳಗೆ ಎರಡು ಸಹಿ: ಕೊಟ್ಟವರದು, ತಗೊಂಡವರದು.